ಬಂಡೀಪುರದ ಜಿಂಕೆಗಳಿಗೆ 600 ಮಿ.ಮೀ. ಲೆನ್ಸ್ ಬೇಕೇ?

ಬಂಡೀಪುರಕ್ಕೆ ಹುಲಿ ನೋಡಲೆಂದೇ ಹೋಗುವವರಿಗೆ ಈ ಬರಹದಿಂದ ಹೆಚ್ಚಿನ ಪ್ರಯೋಜನವಾಗಲಾರದು. ಫೆಬ್ರವರಿಯ ಕೊನೆಯ ವಾರ ನಾನು ಅಲ್ಲಿಗೆ ಹೋದದ್ದು ಜಿಂಕೆಗಳ ಚಿತ್ರ ತೆಗೆಯುವುದಕ್ಕಾಗಿ. ಅದಕ್ಕೆಂದೇ ಬೆಂಗಳೂರಿನ ಅಂಗಡಿಯೊಂದರಿಂದ 150–600 ಮಿ.ಮೀ. ಜೂಮ್ ಲೆನ್ಸನ್ನು ನಾಲ್ಕು ದಿನದ ಬಾಡಿಗೆಗೆ ತಂದಿದ್ದೆ. ಈ ಮಿಲಿಮೀಟರ್ ಎಂದರೆ ಲೆನ್ಸಿನ ಫೋಕಲ್ ಉದ್ದ; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರವಾಗಿ ಕಾಣುತ್ತದೆ. ಹೋಗುವ ಮುನ್ನ ಯಾರಾದರೂ ಹೇಳಿದ್ದರೆ ಒಂದು ಸಫಾರಿಯೂ ಒಂದಿಷ್ಟು ಹಣವೂ ಉಳಿಯುತ್ತಿದ್ದ ಕೆಲವು ಸಂಗತಿಗಳಿವೆ. ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಬಸ್ಸಿನ ವಿಚಾರ. ಬೆಂಗಳೂರಿನಿಂದ ಊಟಿಗೆ ಹೋಗುವ ರಾತ್ರಿ ಬಸ್ಸಿನ ಟಿಕೆಟ್ ಕೊಟ್ಟ ಏಜೆಂಟರು, ಬೆಳಗಿನ ಜಾವ ಐದಕ್ಕೆಲ್ಲ ಮೇಲುಕಾಮನಹಳ್ಳಿಯ ಸಫಾರಿ ಕೌಂಟರಿನ ಎದುರಿಗೇ ಇಳಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಬಂಡೀಪುರದ ಮೂಲಕ ಹಾದುಹೋಗುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿರುವುದು 2009ರಿಂದ ಎಲ್ಲರಿಗೂ ತಿಳಿದ ವಿಷಯ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿಗಿಂತ ಈಚೆಗಿರುವುದರಿಂದ ನನಗೆ ಅದರ ತೊಡಕಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಆರಕ್ಕೆ ಮೊದಲು ಗೇಟು ತೆರೆಯುವುದಿಲ್ಲವೆಂದ ಮೇಲೆ ಬಸ್ಸಿನವರಿಗೂ ಅವಸರವಿರಲಿಲ್ಲ. ಮೈಸೂರು ದಾಟಿದ ಮೇಲೆ ಒಂದು ಡಾಬಾದ ಮುಂದೆ ಬಸ್ಸು ನಿಲ್ಲಿಸಿ, ದೀಪವಾರಿಸಿ, ಸುಮಾರು ಎರಡು ಗಂಟೆ ಮಲಗಿಬಿಟ್ಟರು. ನಾನು ಕೌಂಟರಿನ ಮುಂದೆ ಇಳಿಯುವ ಹೊತ್ತಿಗೆ ಏಳು ಹೊಡೆಯುತ್ತಿತ್ತು, ಬೆಳಗಿನ ಸಫಾರಿಯ ವಾಹನಗಳು ಹೊರಟುಹೋಗಿದ್ದವು. ಆದ್ದರಿಂದ ಬೆಳಗಿನ ಸಫಾರಿಯನ್ನು ನೆಚ್ಚಿಕೊಂಡವರು ಹಿಂದಿನ ಸಂಜೆಯೇ ಗುಂಡ್ಲುಪೇಟೆಗೆ ಬಂದು ತಂಗುವುದು ಒಳ್ಳೆಯದು. ಕಾಡಿನ ಆಚೆ ಬದಿಗೆ, ತಮಿಳುನಾಡಿನ ಮಸಿನಗುಡಿಯ ಕಡೆ ರೂಮು ಮಾಡಿದವರಿಗೆ ಇನ್ನೂ ಕಷ್ಟ, ಏಕೆಂದರೆ ಅವರು ಗೇಟು ತೆರೆದ ಮೇಲೆ ಇಡೀ ಕಾಡನ್ನು ದಾಟಿಕೊಂಡು ಈಚೆಗೆ ಬರಬೇಕು.

ರೂಮಿನ ವಿಚಾರದಲ್ಲಿಯೂ ನಾನು ಮೋಸಹೋದೆ. ಹಂಗಳದಿಂದ ಒಳಗೆ ಹೋಗುವ ದಾರಿಯಲ್ಲಿರುವ ಒಂದು ರೆಸಾರ್ಟಿನವರು, ಹಿತ್ತಲಿನ ಬೇಲಿಯವರೆಗೂ ಜಿಂಕೆಗಳು ಬರುತ್ತವೆ, ಕೋಣೆಯ ಜಗಲಿಯಲ್ಲಿ ಕೂತೇ ಫೋಟೊ ತೆಗೆಯಬಹುದು ಎಂದು ಫೋನಿನಲ್ಲಿ ಹೇಳಿ ಒಂದು ರಾತ್ರಿಗೆ ₹4,500 ಪಡೆದರು. ಜಗಲಿಯಿಂದ ಕಾಣುತ್ತಿದ್ದದ್ದು ಸೋಲಾರ್ ಬೇಲಿ ಹಾಕಿದ ಕಟಾವಾದ ಅರಿಶಿನದ ಹೊಲ ಮಾತ್ರ. ರಾತ್ರಿ ಹನ್ನೊಂದರವರೆಗೆ ಬೆಂಕಿ ಹಾಕಿಕೊಂಡು ಸ್ಪೀಕರಿನಲ್ಲಿ ಹಾಡು ಹಾಕಿದ ಜಾಗಕ್ಕೆ ಯಾವ ಜಿಂಕೆ ತಾನೇ ಬಂದೀತು? ಗದ್ದಲವನ್ನು ಸಹಿಸುವ ಶಕ್ತಿ ನನಗೆ ಕಡಿಮೆ, ಅದನ್ನು ಒಪ್ಪಿಕೊಳ್ಳುತ್ತೇನೆ; ಆದರೆ ಕಾಡಂಚಿನಲ್ಲಿ ಸದ್ದು ಮಾಡಬಾರದೆನ್ನುವುದು ನನ್ನ ನಿದ್ದೆಗಷ್ಟೇ ಸಂಬಂಧಿಸಿದ ಮಾತಲ್ಲ. ಮರುದಿನವೇ ಗುಂಡ್ಲುಪೇಟೆಯ ಸಾಧಾರಣ ಲಾಡ್ಜಿಗೆ ಬಂದುಬಿಟ್ಟೆ. ಬಂಡೀಪುರದ ಒಳಗಿರುವ ಅರಣ್ಯ ಇಲಾಖೆಯ ವಸತಿಗೃಹಗಳಲ್ಲಿ ಜಾಗ ಸಿಗುವುದಾದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ಅಲ್ಲಿನ ಬಯಲಿಗೆ ಸಂಜೆಯಾದರೆ ಜಿಂಕೆಗಳು ತಾವಾಗಿಯೇ ಹಿಂಡುಹಿಂಡಾಗಿ ಬಂದು ಮೇಯುತ್ತವೆ.

ಲಾಡ್ಜಿಗೆ ಬಂದದ್ದರಿಂದ ಇನ್ನೊಂದು ಲಾಭವಾಯಿತು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೋರ್ಡೂ ಇಲ್ಲದ ನಾಲ್ಕು ಮೇಜಿನ ಹೋಟೆಲೊಂದರಲ್ಲಿ ಮೂರು ಹೊತ್ತು ಊಟ ಮಾಡಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಮಧ್ಯಾಹ್ನ ಮುದ್ದೆ ಮತ್ತು ಉಪ್ಸಾರು, ₹60. ಈ ಕಡೆಯ ಉಪ್ಸಾರನ್ನು ತಿಳಿಯದವರು ಅದನ್ನು ತಿಳಿಸಾರು ಎಂದುಕೊಳ್ಳುತ್ತಾರೆ. ಕಾಳು ಮತ್ತು ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ ಬಸಿದ ಕಟ್ಟು ಒಂದು ಕಡೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ಒರಳಲ್ಲಿ ರುಬ್ಬಿದ ಖಾರ ಇನ್ನೊಂದು ಕಡೆ. ತಟ್ಟೆಯಲ್ಲಿ ನಮಗೆ ಬೇಕಾದಷ್ಟು ಖಾರವನ್ನು ಕಟ್ಟಿಗೆ ಕಲಸಿಕೊಂಡು, ಬಿಸಿ ಮುದ್ದೆಯನ್ನು ಮುರಿದು ಅದ್ದಿ ನುಂಗಬೇಕು. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿ ಪಕ್ಕದಲ್ಲಿ ಬಡಿಸುತ್ತಾರೆ. ಆ ಖಾರ ನಾಲಿಗೆಗೆ ತಾಗಿ, ಮೂಗಿಗೇರಿ, ಮೈ ಬೆವರಿಸಿದಾಗ ಬೆಳಗಿನ ಚಳಿಯ ಸಫಾರಿಯ ಆಯಾಸವೆಲ್ಲ ಇಳಿದುಹೋಗುತ್ತದೆ. ಎರಡನೆಯ ಮುದ್ದೆ ಬೇಡವೆಂದರೂ ಆ ತಾಯಿ ಅರ್ಧ ಮುದ್ದೆ ಹಾಕಿಯೇ ಹಾಕುತ್ತಾರೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಎರಡೂವರೆಯ ಒಳಗೆ ಹೋಗಿ, ಆಮೇಲೆ ಹೋದರೆ ಅನ್ನ ಮಾತ್ರ ಉಳಿದಿರುತ್ತದೆ. ಅದೇ ಬೀದಿಯ ದಿನಸಿ ಅಂಗಡಿಯಲ್ಲಿ ಎರಡು ಕೆಜಿ ಹುರುಳಿ ಕೊಂಡು, ಮನೆಯಿಂದ ತಂದಿದ್ದ ಬಟ್ಟೆಯ ಚೀಲಕ್ಕೆ ತುಂಬಿ ಹೊಲಿದುಕೊಂಡೆ. ಸಫಾರಿ ವಾಹನದಲ್ಲಿ ಟ್ರೈಪಾಡ್ ಊರಲು ಜಾಗವಿರುವುದಿಲ್ಲ. ಕಿಟಕಿಯ ಅಂಚಿಗೆ ಈ ಚೀಲವಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿದರೆ ಎರಡು ಕೆಜಿ ತೂಕದ ಲೆನ್ಸೂ ಅಲುಗಾಡದೆ ಕೂರುತ್ತದೆ. ಆದರೆ ಎಂಜಿನ್ ಓಡುತ್ತಿರುವಾಗ ಯಾವ ಚೀಲವೂ ಪ್ರಯೋಜನಕ್ಕೆ ಬಾರದು, ಆಫ್ ಮಾಡುವಂತೆ ಚಾಲಕರನ್ನು ಮೊದಲೇ ಕೇಳಿಕೊಳ್ಳಿ.

ಈಗ ಲೆನ್ಸಿನ ಮಾತು. ಸಫಾರಿಯಲ್ಲಿ ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕವಿದೆ, ಅದನ್ನು ಲೆನ್ಸಿನ ಮಿಲಿಮೀಟರ್ ನೋಡಿ ಹಾಕುತ್ತಾರೆ. ಉದ್ದ ಹೆಚ್ಚಿದಷ್ಟೂ ಶುಲ್ಕ ಹೆಚ್ಚು. ಜೂಮ್ ಲೆನ್ಸಿಗೆ ಅದರ ಗರಿಷ್ಠ ಉದ್ದವೇ ಲೆಕ್ಕ. ಹೀಗೆ ಹೆಚ್ಚು ಕೊಟ್ಟು ಮೊದಲ ಸಂಜೆಯ ಸಫಾರಿಗೆ ಹೋದೆ. ರಸ್ತೆಯ ಎರಡೂ ಬದಿಯಲ್ಲಿ ಗಿಡಗಂಟಿ ಸವರಿ ಬಯಲು ಮಾಡಿರುವ ಪಟ್ಟಿಯಲ್ಲಿ, ನಮ್ಮಿಂದ ಎಂಟು ಮೀಟರ್ ದೂರದಲ್ಲಿ ದೊಡ್ಡ ಗಂಡು ಜಿಂಕೆಯೊಂದು ತಲೆಯೆತ್ತಿ ನಿಂತಿತ್ತು. ಲೆನ್ಸ್ ಫೋಕಸ್ ಆಗಲೇ ಇಲ್ಲ. ನಾಲ್ಕಾರು ಬಾರಿ ಗುಂಡಿ ಒತ್ತಿದರೂ ಮಂಜು ಮಂಜು. ಹಿಂದಿನ ಬಾಡಿಗೆದಾರರು ಫೋಕಸ್ ಮಿತಿಯ ಸ್ವಿಚ್ಚನ್ನು ಹತ್ತು ಮೀಟರಿನಿಂದಾಚೆಗೆ ಎಂದು ಇಟ್ಟಿದ್ದರು, ಅಂಗಡಿಯವರು ಅದನ್ನು ಹಾಗೆಯೇ ಕೊಟ್ಟಿದ್ದರು, ನಾನೂ ನೋಡಿರಲಿಲ್ಲ. ಬಾಡಿಗೆಯ ಲೆನ್ಸ್ ಕೈಗೆ ಬಂದೊಡನೆ ಅಂಗಡಿಯಲ್ಲಿಯೇ ಪ್ರತಿಯೊಂದು ಸ್ವಿಚ್ಚನ್ನೂ ಪರೀಕ್ಷಿಸಿ, ಹತ್ತಿರದ್ದೊಂದು ದೂರದ್ದೊಂದು ಚಿತ್ರ ತೆಗೆದು ನೋಡಿಕೊಳ್ಳಿ.

ಸ್ವಿಚ್ ಸರಿಮಾಡಿಕೊಂಡ ಮೇಲೂ 600 ಮಿ.ಮೀ. ನನಗೆ ಅಷ್ಟಾಗಿ ಒದಗಲಿಲ್ಲ. ಬಂಡೀಪುರದ ಜಿಂಕೆಗಳು ವಾಹನಗಳಿಗೆ ಒಗ್ಗಿಹೋಗಿವೆ, ಹದಿನೈದು ಮೀಟರಿನಲ್ಲಿ ನಿಶ್ಚಿಂತೆಯಿಂದ ಮೇಯುತ್ತವೆ. ನನ್ನದು ಚಿತ್ರ ದಾಖಲಾಗುವ ಸೆನ್ಸರ್ ಚಿಕ್ಕದಾಗಿರುವ ಎಪಿಎಸ್-ಸಿ ಮಾದರಿಯ ಕ್ಯಾಮೆರಾ, 600 ಮಿ.ಮೀ.ನಲ್ಲಿ ಆ ದೂರಕ್ಕೆ ಚೌಕಟ್ಟಿನೊಳಗೆ ಸಿಗುವುದು ಸುಮಾರು 60 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಜಾಗ. ಭುಜದ ಮಟ್ಟದಲ್ಲಿಯೇ 90 ಸೆಂ.ಮೀ. ಎತ್ತರವಿರುವ ಗಂಡು ಜಿಂಕೆಯ ಮುಖ ಬಂದರೆ ಕೊಂಬು ಕತ್ತರಿಸಿಹೋಗುತ್ತದೆ. ಇನ್ನು ದೂರದ ಹಿಂಡಿಗಾದರೂ ಅಷ್ಟುದ್ದದ ಲೆನ್ಸ್ ಬೇಕಲ್ಲವೇ ಎನ್ನಬಹುದು. ಫೆಬ್ರವರಿಯಲ್ಲಿ ಒಂಬತ್ತು ಗಂಟೆಯಾಗುವಷ್ಟರಲ್ಲಿ ನೆಲದಿಂದ ಝಳ ಏಳತೊಡಗುತ್ತದೆ. ನೂರು ಮೀಟರ್ ಆಚೆಗಿನ ಜಿಂಕೆಯ ಚುಕ್ಕೆಗಳು ನೀರಿನೊಳಗಿನ ಹರಳುಗಳಂತೆ ಕದಡುತ್ತವೆ, ಅದನ್ನು ಯಾವ ಲೆನ್ಸೂ ಸರಿಪಡಿಸಲಾರದು. ನನಗೆ ತೃಪ್ತಿ ಕೊಟ್ಟ ಚಿತ್ರಗಳ ವಿವರವನ್ನು ಊರಿಗೆ ಬಂದು ತೆಗೆದು ನೋಡಿದರೆ, ಬಹುಪಾಲು 200ರಿಂದ 350 ಮಿ.ಮೀ.ನೊಳಗೆ ತೆಗೆದವು. ಲಂಟಾನದ ಪೊದೆಯೊಳಗೆ ಅರ್ಧ ಮರೆಯಾಗಿ ನಿಂತ ಒಂದು ಕಡವೆಗೆ ಮಾತ್ರ ಪೂರ್ತಿ ಉದ್ದ ಬೇಕಾಯಿತು, ಅಲ್ಲಿಯೂ ಫೋಕಸ್ ಎದುರಿನ ಕಡ್ಡಿಯನ್ನೇ ಹಿಡಿಯಿತು. ಅಂಥ ಕಡೆ ನಡುವಿನ ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಬೇಕು.

ಬಸ್ಸಿನ ಸಫಾರಿಯೋ ಜೀಪಿನ ಸಫಾರಿಯೋ ಎಂದು ಕೇಳುವವರಿಗೆ ನನ್ನ ಉತ್ತರ ಜೀಪು, ಖರ್ಚು ಹೆಚ್ಚಾದರೂ ಸರಿ. ಇದಕ್ಕೆ ಕಾರಣ ಜೊತೆಯ ಪ್ರಯಾಣಿಕರು. ಬಸ್ಸಿನಲ್ಲಿದ್ದವರೆಲ್ಲ ಹುಲಿಗಾಗಿ ಬಂದವರು. ಜಿಂಕೆಯ ಮುಂದೆ ಬಸ್ಸು ನಿಂತ ಅರ್ಧ ನಿಮಿಷಕ್ಕೆ “ಜಿಂಕೆ ತಾನೇ, ಮುಂದೆ ಹೋಗಿ” ಎಂಬ ಕೂಗು ಹಿಂದಿನಿಂದ ಬರುತ್ತದೆ. ನನಗೆ ಅದು ನಿಜಕ್ಕೂ ನೋವಾಯಿತು. ಹುಲಿ, ಚಿರತೆ, ಸೀಳುನಾಯಿಗಳೆಲ್ಲ ಇಲ್ಲಿ ಉಳಿದಿರುವುದು ಈ ಜಿಂಕೆ, ಕಡವೆಗಳ ಹಿಂಡುಗಳು ಉಳಿದಿರುವುದರಿಂದ. ಮೂರನೆಯ ದಿನ, ವಾರದ ನಡುವಿನ ಬೆಳಗ್ಗೆ, ಹಕ್ಕಿಗಳ ಚಿತ್ರ ತೆಗೆಯುವ ಮೂವರ ಜೊತೆ ಜೀಪಿನಲ್ಲಿ ಸೇರಿಕೊಂಡೆ. ಜಿಂಕೆಗಾಗಿ ನಿಲ್ಲಿಸುತ್ತೇವೆ, ಹುಲಿಯ ಹಿಂದೆ ಓಡಿಸಬೇಡಿ ಎಂದು ಹೊರಡುವಾಗಲೇ ಚಾಲಕರಿಗೆ ಹೇಳಿದೆವು. ಅವರಿಗೂ ಅದು ಸಂತೋಷವೇ ಆಯಿತು.

ಅವರು ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಹೂಬಿಟ್ಟ ಒಂದು ಮುತ್ತುಗದ ಮರದ ಎದುರು. ಎಲೆಯೆಲ್ಲ ಉದುರಿ ಮರದ ತುಂಬ ಕೆಂಡದ ಬಣ್ಣದ ಹೂ. ಮೇಲೆ ಐದಾರು ಮುಸುವಗಳು ಹೂ ಕಿತ್ತು ತಿನ್ನುತ್ತ, ತಿಂದದ್ದಕ್ಕಿಂತ ಹೆಚ್ಚು ಕೆಳಗೆ ಬೀಳಿಸುತ್ತಿದ್ದವು. ಕೆಳಗೆ ಹತ್ತು ಹನ್ನೆರಡು ಜಿಂಕೆಗಳು ಆ ಹೂಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತಿದ್ದವು. ಒಂದೇ ಹಿಂಡಿನಲ್ಲಿ ಎರಡು ಗಂಡುಗಳಿದ್ದವು: ಒಂದಕ್ಕೆ ಮೂರು ಕವಲಿನ ಬಲಿತ ಕೊಂಬು, ಇನ್ನೊಂದರ ಕೊಂಬು ಉದುರಿ ಮತ್ತೆ ಬೆಳೆಯುತ್ತಿತ್ತು, ಅದರ ಮೇಲೆ ಮಖಮಲ್ಲಿನಂಥ ಚರ್ಮ. ಓರೆ ಬಿಸಿಲು ಹಿಂದಿನಿಂದ ಬಿದ್ದು ಆ ಚರ್ಮದ ಸಣ್ಣ ರೋಮಗಳು ಕೊಂಬಿನ ಸುತ್ತ ಬಂಗಾರದ ಗೆರೆಯಾಗಿ ಕಂಡವು. ಬಾಯಿಯ ತುದಿಯಲ್ಲಿ ಒಂದು ಹೂ ಅರ್ಧ ಹೊರಗಿದ್ದಾಗ ಅದು ನಮ್ಮತ್ತ ತಿರುಗಿತು. ಆ ಚಿತ್ರ ತೆಗೆದದ್ದು 280 ಮಿ.ಮೀ.ನಲ್ಲಿ, ಸೆಕೆಂಡಿನ 1/800 ಭಾಗದಲ್ಲಿ, ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 1600 ಇಟ್ಟು. ಇಪ್ಪತ್ತೈದು ನಿಮಿಷ ಅಲ್ಲಿಯೇ ಇದ್ದೆವು, ಯಾರೂ ಮಾತಾಡಲಿಲ್ಲ. ಮುಸುವವೊಂದು ಎಚ್ಚರಿಕೆಯ ಕೂಗು ಹಾಕಿದಾಗ ಜಿಂಕೆಗಳೆಲ್ಲ ಒಮ್ಮೆಗೇ ತಲೆಯೆತ್ತಿ, ಒಂದು ಮುಂಗಾಲನ್ನು ನೆಲಕ್ಕೆ ಬಡಿದು ಪೊದೆಯೊಳಗೆ ಸರಿದವು. ಕಾರಣ ನಮಗೆ ಕಾಣಿಸಲಿಲ್ಲ.

ಹೋಗುವವರು ಶನಿವಾರ, ಭಾನುವಾರ ಬಿಟ್ಟು ಹೋಗಿ. ಫೋಟೊಗಾಗಿ ಹೆದ್ದಾರಿಯಲ್ಲಿ ಕಾರು ನಿಲ್ಲಿಸುವುದಕ್ಕೆ ದಂಡವಿದೆ, ದಂಡವಿಲ್ಲದಿದ್ದರೂ ಅದು ಪ್ರಾಣಿಗಳಿಗೆ ಒಳ್ಳೆಯದಲ್ಲ. ಬಾಡಿಗೆಗೇ ತರುವುದಾದರೆ 100–400 ಮಿ.ಮೀ. ಲೆನ್ಸ್ ತನ್ನಿ, ಹಗುರವೂ ಆಯಿತು, ಶುಲ್ಕವೂ ಕಡಿಮೆ. ಹೊರಡುವ ಮುನ್ನ ಸಫಾರಿಯ ಸಮಯ ಮತ್ತು ದರವನ್ನು ಕೇಳಿಕೊಳ್ಳಿ, ಅವು ಆಗಾಗ ಬದಲಾಗುತ್ತವೆ. ಬಿಳಿ ಚುಕ್ಕೆ ಮತ್ತು ಬಿಳಿ ಗಂಟಲು ಬಿಸಿಲಿಗೆ ಸುಟ್ಟುಹೋಗದಂತೆ, ಚಿತ್ರಕ್ಕೆ ಬೀಳುವ ಬೆಳಕನ್ನು, ಅಂದರೆ ಎಕ್ಸ್‌ಪೋಶರನ್ನು ಒಂದಿಷ್ಟು ಇಳಿಸಿಕೊಳ್ಳುವುದನ್ನು ಮರೆಯಬೇಡಿ; ನನ್ನ ಮೊದಲ ದಿನದ ಇನ್ನೂರು ಚಿತ್ರಗಳಲ್ಲಿ ಅರ್ಧದಷ್ಟು ಕೆಟ್ಟದ್ದು ಅದರಿಂದಲೇ.