‘ಮಲಗಿಸ್ತೀವಿ’ ಅಂದರೆ ಏನು?

ಡೊಂಬಿವ್ಲಿಯಿಂದ ಸ್ಲೋ ಲೋಕಲ್ ಹಿಡಿದು ಮುಂಬೈಯ ಪರೇಲ್‌ನಲ್ಲಿ ಇಳಿದಾಗ ಒಂಬತ್ತೂವರೆ. ಬ್ಯಾಂಕು, ಹೋಟೆಲ್ ಸಿಬ್ಬಂದಿಗೆ ಮಾತುಕತೆಯ ತರಬೇತಿ ಕೊಡುವುದು ನನ್ನ ಕೆಲಸ. ಅವತ್ತು ಮಾತ್ರ ಕೈ ಸ್ವಲ್ಪ ತಣ್ಣಗಾಗಿತ್ತು. ಎದುರಿಗೆ ಕೂರುವವರು ಪಶುವೈದ್ಯ ವಿದ್ಯಾರ್ಥಿಗಳು.

ಪರೇಲ್‌ಗೂ ಪ್ರಾಣಿಗಳಿಗೂ ಹಳೇ ನಂಟು. ಬಾಂಬೆ ವೆಟರಿನರಿ ಕಾಲೇಜು 1886ರಲ್ಲಿ ಇಲ್ಲೇ ಶುರುವಾಯಿತು. ನನ್ನ ತರಗತಿ ಇದ್ದದ್ದು ಹತ್ತಿರದ ಒಂದು ಬಾಡಿಗೆ ಹಾಲ್‌ನಲ್ಲಿ. ಬಂದವರು ಹದಿನಾಲ್ಕು ಮಂದಿ, ಎಲ್ಲರೂ ಇಂಟರ್ನ್‌ಗಳು. ಐದೂವರೆ ವರ್ಷದ ಕೋರ್ಸಿನ ಕೊನೆಯ ವರ್ಷ. ಹೊಲಿಗೆ ಹಾಕಲು, ಹೆರಿಗೆಯಲ್ಲಿ ಕರು ಎಳೆಯಲು ಬರುತ್ತದೆ. ‘ನಿಮ್ಮ ನಾಯಿ ಬದುಕುವುದಿಲ್ಲ’ ಅನ್ನುವುದನ್ನು ಹೇಗೆ ಹೇಳಬೇಕು ಅಂತ ಕೂರಿಸಿಕೊಂಡು ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ನನಗೆ ಯಾಕೆ ಮುಖ್ಯ ಅಂತ ಮೊದಲೇ ಹೇಳಿಬಿಟ್ಟೆ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ನಾಯಿಯನ್ನು ಒಂದು ಕ್ಲಿನಿಕ್‌ಗೆ ಒಯ್ದಿದ್ದೆವು. ಡಾಕ್ಟರು ಒಳ್ಳೆಯವರೇ. ‘ಪುಟ್ ಟು ಸ್ಲೀಪ್ ಮಾಡೋಣ’ ಅಂದರು, ಅಂದರೆ ಇಂಜೆಕ್ಷನ್ ಕೊಟ್ಟು ಸಂಕಟವಿಲ್ಲದೆ ಸಾಯಿಸುವುದು. ಜೊತೆಗಿದ್ದ ನಮ್ಮ ಅತ್ತೆಗೆ ‘ಮಲಗಿಸ್ತಾರೆ’ ಅಂತ ನಾನೇ ಹೇಳಿದೆ. ಸಂಜೆ ಅವರು ಕೇಳಿದರು, “ಎಷ್ಟೊತ್ತಿಗೆ ಏಳ್ತದೆ?” ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕ್ಯಾನ್ಸರ್ ವೈದ್ಯರಿಗಾಗಿ 2000ದಲ್ಲಿ ಪ್ರಕಟವಾದ ‘ಸ್ಪೈಕ್ಸ್’ ಅನ್ನುವ, ಕೆಟ್ಟ ಸುದ್ದಿ ಹೇಳುವ ಆರು ಹೆಜ್ಜೆಯ ಕ್ರಮವನ್ನು ಈಗ ಪಶುವೈದ್ಯರಿಗೂ ಕಲಿಸುತ್ತಾರೆ. ಅದರಲ್ಲಿ ನನಗೆ ಇಷ್ಟವಾದದ್ದು ಎರಡನೆಯ ಹೆಜ್ಜೆ. ನೀವು ಹೇಳುವ ಮೊದಲು ಎದುರಿಗಿರುವವರಿಗೆ ಏನು ಗೊತ್ತಿದೆ ಅಂತ ಕೇಳಿ. ಅಷ್ಟು ಹೇಳಿ, ಸುಮ್ನೆ ಪಾಠ ಬೇಡ ಅಂತ ಎರಡು ಕುರ್ಚಿ ಎದುರುಬದುರು ಹಾಕಿದೆ. ನಾನು ನಾಯಿ ತಂದ ಅಜ್ಜಿ. ಹದಿಮೂರು ವರ್ಷದ ನಾಯಿ, ಕಿಡ್ನಿ ಪೂರ್ತಿ ಕೆಟ್ಟಿದೆ.

ಮುಂದೆ ಬಂದವನು ಕಲಬುರಗಿ ಕಡೆಯ ಹುಡುಗ, ಅಖಿಲ ಭಾರತ ಕೋಟಾದಲ್ಲಿ ಸೀಟು ಸಿಕ್ಕಿ ಬಂದವನು. “ಕನ್ನಡದಲ್ಲೇ ಹೇಳು, ತಮ್ಮಾ. ಡೊಂಬಿವ್ಲಿಯಲ್ಲಿ ನಿನ್ನ ಹತ್ತಿರ ಬರುವ ಅಜ್ಜಿ ಕನ್ನಡದವಳೇ ಇರಬಹುದು, ಅಲ್ವಾ?” ಅಂದೆ. ಉಳಿದವರಿಗೆ ಹಿಂದಿಯಲ್ಲಿ ಹೇಳುತ್ತಾ ಹೋದೆ.

“ಅಮ್ಮಾರೆ, ಕ್ರಿಯಾಟಿನಿನ್ ಒಂಬತ್ತು ಬಂದದರಿ. ಯೂರಿಯಾನೂ ಭಾಳ ಏರ್ಯದ. ಪ್ರೋಗ್ನೋಸಿಸ್...” ಅಲ್ಲಿಗೆ ನಿಂತ. ಕಾಯಿಲೆ ಮುಂದೆ ಏನಾಗಬಹುದು ಅನ್ನುವ ಆ ಪದಕ್ಕೆ ಕನ್ನಡ ಸಿಗಲಿಲ್ಲ. ‘ಯುಥನೇಸಿಯಾ’ ಅಂದ. ‘ದಯಾಮರಣ’ ಅಂದ, ಪೇಪರ್ ಓದಿದ ಹಾಗಿತ್ತು. ಕೊನೆಗೆ ‘ಇಂಜೆಕ್ಷನ್ ಕೊಟ್ಟು ಮಲಗಸ್ತೀವ್ರಿ’ ಅಂದ. ನಾನು ಅತ್ತೆಯ ಪ್ರಶ್ನೆಯನ್ನೇ ಕೇಳಿದೆ, “ಎಷ್ಟೊತ್ತಿಗೆ ಏಳ್ತದಪ್ಪಾ?”

ಹುಡುಗ ತಲೆ ತಗ್ಗಿಸಿದ. ಹಾಲ್‌ನಲ್ಲಿ ಫ್ಯಾನ್ ಸದ್ದು ಮಾತ್ರ.

ಆಮೇಲೆ ಒಂದು ಗಂಟೆ ಇದನ್ನೇ ಮಾತಾಡಿದೆವು. ಅರಿವಳಿಕೆ ಔಷಧಿಯನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಎದೆಬಡಿತ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು. ಮೂತ್ರ ಹೋಗಬಹುದು. ಸತ್ತ ಮೇಲೂ ಒಮ್ಮೆ ಉಸಿರು ಎಳೆದಂತೆ ಕಾಣಬಹುದು. ಇಷ್ಟೂ ಈ ವಿದ್ಯಾರ್ಥಿಗಳಿಗೆ ಗೊತ್ತು. ಮೊದಲೇ ಹೇಳದಿದ್ದರೆ, ಕಣ್ಣು ತೆರೆದಿರುವುದನ್ನು ನೋಡಿ ಮನೆಯವರು ‘ಜೀವ ಇದೆ’ ಅಂದುಕೊಳ್ಳುತ್ತಾರೆ. ಮಕ್ಕಳಿದ್ದರೆ ಇನ್ನೂ ಕಷ್ಟ. ‘ಮಲಗಿಸ್ತೀವಿ’ ಅಂದದ್ದನ್ನು ಕೇಳಿ ಅವತ್ತು ರಾತ್ರಿ ಮಲಗುವುದಕ್ಕೇ ಹೆದರುತ್ತಾರೆ. ‘ಸಾವು’ ಅನ್ನುವ ಪದವನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಲೇಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಊಟದ ಮೊದಲು ಅವನೇ ಮತ್ತೆ ಬಂದು ಕೂತ. ಈ ಸಲ ರಿಪೋರ್ಟ್ ಎತ್ತಲಿಲ್ಲ.

“ಅವ್ವಾ, ಇದರ ಹೆಸರೇನ್ರಿ?”

ಬೇರೆ ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು “ಕೆಂಚ.” ನಮ್ಮ ನಾಯಿಯ ಹೆಸರು.

“ಕೆಂಚಗ ಏನಾಗ್ಯದ ಅಂತ ನಿಮಗ ಅನಸ್ತದ?” ಕೇಳಿದ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, “ಅದು ಇನ್ನ ಬದುಕೂದಿಲ್ಲವ್ವಾ. ಭಾಳ ಸಂಕಟ ಪಡಲಿಕತ್ತದ. ಸಂಕಟ ಇಲ್ಲದಂಗ ಸಾಯೂ ಹಂಗ ಒಂದು ಇಂಜೆಕ್ಷನ್ ಅದ. ನೀವು ಹೂಂ ಅಂದ್ರ ಮಾತ್ರ ಕೊಡ್ತೀನಿ” ಅಂದ. ಮುಂದೆ ಮಾತಾಡಲಿಲ್ಲ. ನಾನು ಕಣ್ಣು ಒರೆಸಿಕೊಳ್ಳುವವರೆಗೂ ಕಾದ.

ಮಧ್ಯಾಹ್ನ ಲಾತೂರಿನ ಹುಡುಗಿಯೊಬ್ಬಳು ಎದ್ದಳು. “ನಮ್ಮ ಕಡೆ ನಾಯಿ ತರುವವರು ಕಮ್ಮಿ ಮೇಡಂ. ಎಮ್ಮೆಯದು ಮಾಡೋಣ” ಅಂದಳು. ತಾನೇ ರೈತನ ಹೆಂಡತಿಯಾಗಿ ಕೂತು, ಡಾಕ್ಟರ್ ಆಗಿದ್ದ ಗೆಳೆಯನಿಗೆ ಮರಾಠಿಯಲ್ಲಿ ನೇರ ಕೇಳಿದಳು: ಎಮ್ಮೆ ಹೋಯಿತು, ಬ್ಯಾಂಕಿನ ಕಂತು ಯಾರು ಕಟ್ಟೋದು? ಅವನು ಸಮಾಧಾನ ಹೇಳಲು ಹೊರಟ. ಅವಳು ಕೈ ಅಡ್ಡ ಹಿಡಿದಳು.

“ಅಳು ಆಮೇಲೆ. ‘ಎಮ್ಮೆ ಕಿವಿಗೆ ಹಾಕಿದ ವಿಮೆಯ ಓಲೆ ತೆಗೀಬೇಡಿ, ವಿಮೆಯವರಿಗೆ ಫೋನ್ ಮಾಡುವ ಮೊದಲು ಹೂಳಬೇಡಿ, ಪೋಸ್ಟ್‌ಮಾರ್ಟಂ ರಿಪೋರ್ಟ್ ನಾನು ಬರೆದುಕೊಡ್ತೀನಿ.’ ಅದನ್ನು ಮೊದಲು ಹೇಳು” ಅಂದಳು.

ನಾನು ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡೆ.