ನಾಲ್ಕು ಅಡಿ ಘಾಟಿ, ಒಂದು ಭಾನುವಾರ

ನಮ್ಮ ಮಾದರಿ ರೈಲು ಕ್ಲಬ್‌ನ ಈ ಸಲದ ಭಾನುವಾರಕ್ಕೆ ಟೇಬಲ್ ಏರಿದ್ದು ಘಾಟಿಯ ಮಾಡ್ಯೂಲ್, ಅಂದರೆ ಪುಟ್ಟ ರೈಲು ಓಡುವ ಹಳಿ, ಗುಡ್ಡ ಎಲ್ಲ ಇರುವ ಒಂದು ತುಂಡು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಒಂದು ಸುರಂಗದ ಬಾಯಿ, ಒಂದು ಗರ್ಡರ್ ಸೇತುವೆ, ಅದರಡಿ ಒಂದು ತೊರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವಾಗ ಎಡಕುಮೇರಿಯ ಆಸುಪಾಸು ಕಾಣುವಂಥ ನೋಟ ಇದರಲ್ಲಿ ಬರಬೇಕು. ಹಳಿ, ವೈರಿಂಗ್, ಪ್ಲಾಸ್ಟರ್ ಬಟ್ಟೆಯ ಗುಡ್ಡ ಎಲ್ಲ ಮುಗಿದು ತಿಂಗಳಾಗಿತ್ತು. ರೈಲೂ ಓಡುತ್ತಿತ್ತು, ಸುಣ್ಣ ಬಳಿದಂಥ ಬೆಟ್ಟದ ನಡುವೆ.

ಅಳತೆ ಎಚ್‌ಒ, ಅಂದರೆ 1:87; ನಿಜದ 87 ಮಿ.ಮೀ. ಇಲ್ಲಿ ಒಂದು ಮಿ.ಮೀ. ಆ ಘಾಟಿಯ ಏರು 50ಕ್ಕೆ 1. ಅಳತೆ ಕುಗ್ಗಿದರೂ ಏರಿನ ಪ್ರಮಾಣ ಕುಗ್ಗುವುದಿಲ್ಲ, ಹಾಗಾಗಿ ಮಾಡ್ಯೂಲಿನ ಈ ತುದಿಯಿಂದ ಆ ತುದಿಗೆ ಹಳಿ 24 ಮಿ.ಮೀ. ಮೇಲೇರುತ್ತದೆ. ರಾಜಿ ಮಾಡಿಕೊಂಡಿರುವುದು ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವಿನ ಅಂತರದಲ್ಲಿ. 1676 ಮಿ.ಮೀ.ನ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ, ಕೊಳ್ಳಲು ಸಿಗುವ ಎಚ್‌ಒ ಹಳಿ 16.5. ಎರಡೂ ಬದಿಯ ಜಲ್ಲಿಯನ್ನು ಎರಡೆರಡು ಮಿ.ಮೀ. ಅಗಲ ಹರಡಿದರೆ ಈ ಕೊರತೆ ಅಷ್ಟಾಗಿ ಕಣ್ಣಿಗೆ ಬೀಳದು.

ಅಲಂಕಾರಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷೆ. ನಮ್ಮಲ್ಲಿರುವ ಅತಿ ಉದ್ದದ ಬೋಗಿಯ ನಡುವಿಗೂ ಎರಡು ಮೂಲೆಗಳಿಗೂ ಪೆನ್ಸಿಲ್ ತುಂಡು ಅಂಟಿಸಿ ಕೈಯಲ್ಲೇ ತಳ್ಳಬೇಕು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ಬಾಗುತ್ತದೆ, ಮೂಲೆಗಳು ಹೊರಕ್ಕೆ ಚಾಚುತ್ತವೆ. ಪೆನ್ಸಿಲ್ ಎಲ್ಲಿ ಗೀಚುತ್ತದೋ ಅಲ್ಲಿ ಬಂಡೆ ಕೆತ್ತಬೇಕು. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಈ ಅಳತೆಯಲ್ಲಿ 27 ಸೆಂ.ಮೀ. ಬರುತ್ತದೆ, ಅದಕ್ಕಿಂತ ಗಿಡ್ಡನೆಯ ಹಳೆಯ ಐಸಿಎಫ್ ಬೋಗಿ ಇಟ್ಟು ನೋಡಿ ಸಮಾಧಾನಪಟ್ಟುಕೊಂಡರೆ ಆಮೇಲೆ ಸುರಂಗದೊಳಗೆ ಸಿಕ್ಕಿಕೊಳ್ಳುವುದು ಇದೇ.

ಘಾಟಿಯಲ್ಲಿ ಬಣ್ಣ ಹಚ್ಚುವುದು ನೀರು. ಬಂಡೆಯ ಕಪ್ಪು ಪಟ್ಟೆ, ಸುರಂಗದ ಬಾಯಿಯ ಪಾಚಿ, ಕಾಂಕ್ರೀಟಿನ ನೀರುಗಂಡಿಗಳ ಕೆಳಗೆ ಇಳಿದ ಬಿಳಿ ಸುಣ್ಣದ ಗೆರೆ ಎಲ್ಲವೂ ಅದರ ಜಾಡೇ. ಆದ್ದರಿಂದ ಕುಂಚ ಹಿಡಿಯುವ ಮುನ್ನ ಗುಡ್ಡದ ತಲೆಯ ಮೇಲೊಂದು ಸ್ಪ್ರೇ ಬಾಟಲಿಯಿಂದ ಮಳೆ ಸುರಿಸಿ, ನೀರು ಇಳಿದ ದಾರಿಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆವು. ಪಾಚಿ, ಕರೆ, ಜರಿಗಿಡ ಇವೆಲ್ಲ ಆ ಗೆರೆಗಳ ಮೇಲೆ ಮಾತ್ರ. ಮನಸ್ಸಿಗೆ ಬಂದಲ್ಲೆಲ್ಲ ಹಸಿರು ಮೆತ್ತಿದ ಮಾಡ್ಯೂಲ್ ಪಾರ್ಕಿನಂತೆ ಕಾಣುತ್ತದೆ, ಕಾಡಿನಂತಲ್ಲ.

ಬಂಡೆಗೆ ದಪ್ಪ ಬಣ್ಣ ಬೇಡ. ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಟೀ ಚಮಚ ಕಪ್ಪು ಇಂಡಿಯಾ ಇಂಕ್ ಸಾಕು. ಚಿಮುಕಿಸಿದರೆ ಬಿರುಕುಗಳಲ್ಲಿ ತಾನಾಗಿ ಇಳಿದು ನಿಲ್ಲುತ್ತದೆ. ಹಸಿಯಿರುವಾಗ ತೀರ ಕಪ್ಪಾಗಿ ಕಂಡು ಗಾಬರಿಯಾಗುತ್ತದೆ. ಒಣಗಿದ ಮೇಲೆ ಎಷ್ಟೋ ತಿಳಿಯಾಗುತ್ತದೆ. ಎರಡನೇ ಕೈಗೆ ಒಂದು ಗಂಟೆ ಕಾಯದವರ ಗುಡ್ಡ ಇದ್ದಿಲಿನ ರಾಶಿಯಾಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಮಣ್ಣಿಗೆ ಮಣ್ಣೇ ಸರಿ. ಘಾಟಿಯ ಕೆಮ್ಮಣ್ಣನ್ನು ಬಾಣಲೆಯಲ್ಲಿ ಹುರಿದು, ಟೀ ಜರಡಿಯಲ್ಲಿ ಸೋಸಬೇಕು. ಆಮೇಲೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯೊಳಗೆ ನಾಲ್ಕೈದು ಸಲ ಆಡಿಸಬೇಕು. ಈ ಹೆಜ್ಜೆ ಬಿಡುವಂತಿಲ್ಲ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕಣ ಹೆಚ್ಚು, ಇಂಜಿನ್ನಿನ ಮೋಟಾರಿನಲ್ಲೋ ಅಯಸ್ಕಾಂತ ಇದ್ದೇ ಇದೆ. ಒಂದು ಚಿಟಿಕೆ ಕಪ್ಪು ಪುಡಿ ಒಳಗೆ ಸೇರಿತೆಂದರೆ ಮೋಟಾರು ಕರಕರ ಎನ್ನತೊಡಗುತ್ತದೆ. ಅರ್ಧ ಕೆ.ಜಿ. ಮಣ್ಣಿಗೆ ಚೀಲದ ತುದಿಯಲ್ಲಿ ಅಂಟಿದ ಕಪ್ಪು ಮೀಸೆ ನೋಡಿದರೆ ಯಾರೂ ವಾದಿಸುವುದಿಲ್ಲ.

ಜಲ್ಲಿಯ ಲೆಕ್ಕ ಸುಲಭ. ರೈಲ್ವೆ ಹಾಕುವ ಜಲ್ಲಿ ಹೆಚ್ಚುಕಡಿಮೆ 20ರಿಂದ 65 ಮಿ.ಮೀ.; ನಮಗೆ ಬೇಕಾದ್ದು 0.2ರಿಂದ 0.75 ಮಿ.ಮೀ. ಕಟ್ಟಡದ ಎಂ-ಸ್ಯಾಂಡ್ ಅದೇ ಕಲ್ಲಿನ ಪುಡಿ. ಎರಡು ಜರಡಿಗಳ ನಡುವೆ ಉಳಿದದ್ದನ್ನು ತೊಳೆದು, ಒಣಗಿಸಿ, ಅಯಸ್ಕಾಂತ ಆಡಿಸಿದರೆ ಮುಗಿಯಿತು. ತೊಳೆಯದಿದ್ದರೆ ಧೂಳು ಅಂಟಿನ ಜೊತೆ ಸೇರಿ ಸಿಮೆಂಟಿನಂತೆ ಗಾರೆಯಾಗುತ್ತದೆ. ಪೇಪರ್ ಕಪ್ಪಿನ ಬಾಯಿ ಮಡಚಿ ಹಳಿಗಳ ನಡುವೆ ಸುರಿದು, ಮೆತ್ತನೆಯ ಕುಂಚದಲ್ಲಿ ಸ್ಲೀಪರಿನ ಮೇಲ್ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಕ್ಕೆ ಗುಡಿಸಬೇಕು. ಮೂರು ಗಂಟೆ ಹಿಡಿದದ್ದು ಇದಕ್ಕೇ. ಹಳಿಯ ಒಳಮಗ್ಗುಲಿಗೆ ಅಂಟಿದ ಒಂದೇ ಒಂದು ಕಾಳು ಚಕ್ರವನ್ನು ಎತ್ತಿಬಿಡುತ್ತದೆ. ಅಂಟು ಹಾಕುವ ಮುಂಚೆ ಬೆರಳುಗುರಿನಿಂದ ಉದ್ದಕ್ಕೂ ಸವರಿ ನೋಡಬೇಕು.

ಅಂಟು ಅಂದರೆ ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಸಿರಿಂಜಿನಿಂದ ಹಾಕುವ ಮೊದಲು ಜಲ್ಲಿ ಚೆನ್ನಾಗಿ ನೆನೆದಿರಬೇಕು: ಆಲ್ಕೊಹಾಲ್, ನೀರು ಸಮಪಾಲು, ಮಂಜಿನಂಥ ಸ್ಪ್ರೇ. ಸೇತುವೆಯ ಪಕ್ಕದ ಒಂದು ಗೇಣು ಜಾಗದಲ್ಲಿ ನೆನೆಸುವುದು ಕಡಿಮೆಯಾಯಿತು. ಅಂಟು ಒಳಗಿಳಿಯದೆ ಪಾದರಸದಂತೆ ಗುಂಡಾಗಿ ಉರುಳಿ, ಜಲ್ಲಿಯನ್ನೂ ಹೊತ್ತುಕೊಂಡು ಹೋಗಿ ಕುಳಿ ಬಿತ್ತು. ಅದನ್ನು ಕೆರೆದು ಮತ್ತೆ ಮಾಡಿದ್ದಾಯಿತು. ಅಷ್ಟರಲ್ಲಿ ಇನ್ನೊಂದು ತುದಿಯಲ್ಲಿ, ವೈರ್ ಇಳಿಬಿಟ್ಟ ತೂತಿನಿಂದ ಅಂಟುನೀರು ಸೋರಿ ಕೆಳಗಿನ ಟರ್ಮಿನಲ್ ಪಟ್ಟಿಯ ಮೇಲೆ ತೊಟ್ಟಿಕ್ಕತೊಡಗಿತ್ತು. ಕರೆಂಟ್ ಮೊದಲೇ ತೆಗೆದಿದ್ದರಿಂದ ಒರೆಸಿದ್ದಷ್ಟೇ ಕೆಲಸ. ತೂತುಗಳಿಗೆ ಚಿಟಿಕೆ ಪುಟ್ಟಿ ಮೊದಲೇ ಒತ್ತಿದ್ದರೆ ಅದೂ ಇರುತ್ತಿರಲಿಲ್ಲ. ಪಾಯಿಂಟ್, ಅಂದರೆ ರೈಲು ಹಳಿ ಬದಲಿಸುವ ಜಾಗ, ಇರುವ ಮಾಡ್ಯೂಲಿನಲ್ಲಾದರೆ ಇದೇ ಅಂಟು ಅದರ ಆಚೀಚೆ ಸರಿಯುವ ನಾಲಿಗೆಗಳನ್ನು ಹಿಡಿದು ಕೂರಿಸುತ್ತದೆ. ಅಲ್ಲಿ ಹನಿ ಲೆಕ್ಕದಲ್ಲಿ ಹಾಕಿ, ಒಣಗುವ ತನಕ ಆಗಾಗ ಪಾಯಿಂಟ್ ಆಚೀಚೆ ಎಳೆಯುತ್ತಿರಬೇಕು.

ಹುಲ್ಲಿಗೆ ಸ್ಟ್ಯಾಟಿಕ್ ಗ್ರಾಸ್: ಯಂತ್ರವೊಂದು ಸ್ಥಿರವಿದ್ಯುತ್ತಿನಿಂದ ಅಂಟಿನ ಮೇಲೆ ನೆಟ್ಟಗೆ ನಿಲ್ಲಿಸುವ ನಾರಿನ ಎಳೆಗಳು. 2 ಮಿ.ಮೀ. ಎಳೆಯನ್ನು ಎಲ್ಲೆಡೆ, 4 ಮಿ.ಮೀ. ಎಳೆಯನ್ನು ಚರಂಡಿಯ ಅಂಚಿಗೆ, 6 ಮಿ.ಮೀ. ಎಳೆಯನ್ನು ತೊರೆಯ ದಡಕ್ಕೆ. ಯಂತ್ರದ ಕ್ಲಿಪ್ಪನ್ನು ಹಸಿ ಅಂಟಿಗೆ ಚುಚ್ಚಿದ ಮೊಳೆಗೆ ಹಾಕಬೇಕು, ಹಳಿಗಲ್ಲ. ಅದರ ಹೈ ವೋಲ್ಟೇಜ್ ಇಂಜಿನ್ನಿನೊಳಗಿನ ಡಿಸಿಸಿ ಡಿಕೋಡರನ್ನು, ಅಂದರೆ ಡಿಜಿಟಲ್ ಆಜ್ಞೆ ಓದುವ ಪುಟ್ಟ ಸರ್ಕ್ಯೂಟನ್ನು, ಸುಟ್ಟುಹಾಕಬಲ್ಲದು. ಇಂಜಿನ್ನುಗಳನ್ನು ಮೊದಲೇ ಡಬ್ಬಿಗೆ ಸೇರಿಸಿದ್ದೆವು.

ಮಾಡ್ಯೂಲಿನ ಕೆಳತುದಿ ಸುಬ್ರಹ್ಮಣ್ಯದ ಕಡೆಯದು, ಅಲ್ಲೊಂದು ಅಡಿಕೆ ತೋಟದ ಅಂಚು. ಕಾಂಡಕ್ಕೆ ಪೊರಕೆಯ ತೆಂಗಿನ ಕಡ್ಡಿಗಿಂತ ಒಳ್ಳೆಯ ವಸ್ತು ಯಾವ ದೇಶದ ಕಂಪನಿಯೂ ಮಾರುವುದಿಲ್ಲ. ಹದಿನೈದು ಮೀಟರಿನ ಮರ 17 ಸೆಂ.ಮೀ. ಆಗುತ್ತದೆ, ಒಂದು ಗೇಣು ದಪ್ಪದ ಕಾಂಡ ಎರಡೂವರೆ ಮಿ.ಮೀ.ಗಿಂತ ಕಡಿಮೆ. ಕಡ್ಡಿಯ ಬುಡದ ಕಡೆಯನ್ನೇ ಕೆಳಗಿಡಬೇಕು. ತೋಟದಲ್ಲಿ ಒಂಬತ್ತು ಅಡಿಗೊಂದು ಸಸಿ ನೆಡುವ ರೂಢಿ; ಇಲ್ಲಿ ಅದು 31 ಮಿ.ಮೀ. ಸಾಲು ನೇರ ಇರಬೇಕು, ಮರಗಳ ಎತ್ತರ ಮಾತ್ರ ಒಂದೇ ಇರಬಾರದು. ಸೋಗೆಗೆ ಹಸಿರು ಕಾಗದದ ಕತ್ತರಿಸಿದ ಪಟ್ಟಿ, ಮರಕ್ಕೆ ಎಂಟು.

ತೊರೆಯಲ್ಲಿ ಎಲ್ಲರೂ ಎಡವುತ್ತಾರೆ. ಎಪಾಕ್ಸಿ ರೆಸಿನ್ ನಿಜವಾದ ನೀರಿನಂತೆಯೇ ಮಟ್ಟ ಹುಡುಕಿಕೊಂಡು ಹೋಗುತ್ತದೆ. ಇಳಿಜಾರಿನಲ್ಲಿ ಸುರಿದರೆ ಅಷ್ಟೂ ಕೆಳತುದಿಯಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಸೇತುವೆಯಡಿಯ ಗುಂಡಿಗೆ ಮಾತ್ರ ರೆಸಿನ್, ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚಿಲ್ಲ, ಪದರಕ್ಕೊಂದು ದಿನ. ಮಾಡ್ಯೂಲಿನ ಅಂಚಿಗೆ ಟೇಪ್ ಸುತ್ತಿದ ಹಲಗೆ ಬಿಗಿದು ಒಡ್ಡು ಕಟ್ಟಬೇಕು, ಸೂಜಿಯಷ್ಟು ಸಂದಿಯಿದ್ದರೂ ರಾತ್ರಿಯೆಲ್ಲ ಸೋರುತ್ತದೆ. ಮಳೆಗಾಲದ ತೇವದಲ್ಲಿ ಮೇಲೆ ಮಬ್ಬು ಕಟ್ಟುವುದೂ ಉಂಟು. ಧುಮುಕುವ ನೀರಿಗೆ ಪಾರದರ್ಶಕ ಸಿಲಿಕೋನ್: ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆ ಎಳೆಯಾಗಿ ಎಳೆದು, ಮರುದಿನ ಸುಲಿದು, ಬಂಡೆಗೆ ಅಂಟಿಸುವುದು. ಬಿಳಿ ಬಣ್ಣ ನೀರು ಕಲ್ಲಿಗೆ ಬಡಿಯುವ ಕಡೆ ಮಾತ್ರ, ಅದೂ ಒಣಕುಂಚದಲ್ಲಿ.

ಸಣ್ಣಪುಟ್ಟವು ಕೊನೆಗೆ: ಸುರಂಗದ ನಂಬರು, ಹಳದಿ ಸೀಟಿ ಫಲಕ, ಕಿ.ಮೀ. ಕಲ್ಲು, ಸೇತುವೆಯ ಬದಿಯಲ್ಲಿ ಗ್ಯಾಂಗ್‌ಮನ್ ಸರಿದು ನಿಲ್ಲುವ ಪುಟ್ಟ ಅಟ್ಟಣಿಗೆ. ಡೀಸೆಲ್ ಮಸಿ ಸುರಂಗದ ಬಾಯಿಯ ನೆತ್ತಿಗೆ ಮಾತ್ರ, ಬದಿಗಳಿಗೆ ಪಾಚಿ.

ಬುಧವಾರ ಒಣಗಿದ ಮೇಲೆ ವ್ಯಾಕ್ಯೂಮಿನ ಬಾಯಿಗೆ ಹಳೆಯ ಸ್ಟಾಕಿಂಗ್ ಕಟ್ಟಿ ಸಡಿಲ ಜಲ್ಲಿ ಹೀರಿದ್ದಾಯಿತು, ಒಂದು ಹಿಡಿ ವಾಪಸು ಡಬ್ಬಿಗೆ ಬಂತು. ಹಳಿಯ ತಲೆಯನ್ನು ಆಲ್ಕೊಹಾಲ್ ಬಟ್ಟೆಯಿಂದ ಒರೆಸಿ ಮೊದಲು ಇಂಜಿನ್ ಒಂದನ್ನೇ ಬಿಟ್ಟೆವು. ಸುರಂಗದೊಳಗೆ ಎರಡು ಸಲ ನಿಂತಿತು. ಕೈ ಎಟುಕದ ಆ ಅರ್ಧ ಅಡಿಯಲ್ಲಿ ಅಂಟಿನ ತೆಳು ಪೊರೆ ಉಳಿದಿತ್ತು; ಬಟ್ಟೆ ಸುತ್ತಿದ ಅಡಿಕೋಲು ತೂರಿಸಿ ಒರೆಸಿದ ಮೇಲೆ ಬೋಗಿಗಳನ್ನು ಜೋಡಿಸಿದೆವು.