ಡಿಎಆರ್ ಮೈದಾನದಿಂದ ಈಸೂರಿಗೆ

ಅಕ್ಟೋಬರ್ 21, ಪೊಲೀಸ್ ಹುತಾತ್ಮರ ದಿನ. ಅಂದು ಶಿವಮೊಗ್ಗಕ್ಕೆ ಹೋಗುವವರು ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಡಿಎಆರ್ (ಪೊಲೀಸರ ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನ ಸೇರಿಕೊಳ್ಳಬೇಕು. ಬೆಂಗಳೂರಿನವರಿಗೆ ರಾತ್ರಿಯ ತಾಳಗುಪ್ಪ ರೈಲು ಅನುಕೂಲ, ಬೆಳಕು ಹರಿಯುವ ಮೊದಲೇ ಇಳಿಸುತ್ತದೆ. ಹಿಂಗಾರಿನ ಮಳೆ ಹೇಳಿಕೇಳಿ ಬರುವುದಿಲ್ಲ, ಕೊಡೆ ಜೊತೆಗಿರಲಿ. ಪುಷ್ಪಚಕ್ರ ಒಯ್ಯುವುದಿದ್ದರೆ ಹಿಂದಿನ ದಿನವೇ ಹೇಳಿಡಿ. ದೀಪಾವಳಿ ಹತ್ತಿರ ಬಂದ ವರ್ಷ ಸೇವಂತಿಗೆ ಬೆಳಿಗ್ಗೆ ಸಿಗುವುದು ಕಷ್ಟ.

ಈ ದಿನದ ಮೂಲ ಮಲೆನಾಡಿನಿಂದ ಬಹಳ ದೂರ, ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿದೆ. 1959ರ ಅಕ್ಟೋಬರ್ 20ರಂದು ಗಸ್ತಿಗೆ ಹೋದ ಪೊಲೀಸರ ಮೂರು ತಂಡಗಳಲ್ಲಿ ಒಂದು ವಾಪಸಾಗಲಿಲ್ಲ. ಮರುದಿನ ಅಧಿಕಾರಿ ಕರಮ್ ಸಿಂಗ್ ಮುಂದಾಳತ್ವದಲ್ಲಿ ಹುಡುಕಲು ಹೊರಟವರ ಮೇಲೆ ಚೀನೀ ಸೈನಿಕರು ಗುಡ್ಡದ ಮೇಲಿನಿಂದ ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಅವರ ದೇಹಗಳು ನಮ್ಮ ಕೈಸೇರಿದ್ದು ನವೆಂಬರ್ 13ಕ್ಕೆ.

ಮೈದಾನದಲ್ಲಿ ಗಮನವಿಟ್ಟು ನೋಡಬೇಕಾದ್ದು ಶೋಕ್ ಶಸ್ತ್ರ. ಆಜ್ಞೆ ಬಿದ್ದೊಡನೆ ಬಂದೂಕು ತಲೆಕೆಳಗಾಗುತ್ತದೆ. ನಳಿಗೆಯ ತುದಿ ಎಡ ಬೂಟಿನ ಮೇಲೆ, ಎರಡೂ ಅಂಗೈ ಹಿಡಿಯ ಬುಡದ ಮೇಲೆ, ತಲೆ ಬಾಗಿ. ಸಾಲಿನವರೆಲ್ಲ ಒಂದೇ ಲಯದಲ್ಲಿ, ನಿಧಾನವಾಗಿ ಇಷ್ಟನ್ನೂ ಮಾಡಬೇಕು. ಅವಸರ ಮಾಡಿದವನ ನಳಿಗೆ ಬೂಟಿನಿಂದ ಜಾರುತ್ತದೆ, ಒದ್ದೆ ಬೂಟಾದರಂತೂ ಇನ್ನೂ ಬೇಗ. ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುವುದಕ್ಕೆ ಬಳಸುವುದು ಸೀಸವಿಲ್ಲದ ಕಾಡತೂಸು. ಮುಂದಿನ ಸುತ್ತು ತಾನಾಗಿ ತುಂಬಿಕೊಳ್ಳುವಷ್ಟು ಒತ್ತಡ ಅದರಲ್ಲಿ ಹುಟ್ಟದ ಕಾರಣ ಪ್ರತಿ ಸಲವೂ ಕೈಯಿಂದಲೇ ಎಳೆದು ತುಂಬಬೇಕು. ಒಬ್ಬನ ಕೈ ಅರೆಕ್ಷಣ ತಡವಾದರೂ ಒಂದೇ ಸದ್ದಾಗಬೇಕಾದ್ದು ಚದುರಿ ಕೇಳುತ್ತದೆ. ಚಿಕ್ಕ ಮಕ್ಕಳೊಂದಿಗೆ ಬಂದವರು ಹಿಂದೆ ನಿಲ್ಲುವುದು ಒಳಿತು.

ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ದೇಶದಲ್ಲಿ ಕರ್ತವ್ಯದ ಮೇಲೆ ಮಡಿದವರ ಹೆಸರುಗಳನ್ನು ಓದುತ್ತಾರೆ. 2024ರಲ್ಲಿ ಆ ಪಟ್ಟಿಯಲ್ಲಿ 216 ಮಂದಿ ಇದ್ದರು. ಓದು ಉದ್ದವಾಯಿತೆಂದು ನಡುವೆ ಎದ್ದು ಹೋಗಬೇಡಿ. ಈ ದಿನ ಇರುವುದೇ ಆ ಹೆಸರುಗಳಿಗಾಗಿ.

ಮಧ್ಯಾಹ್ನಕ್ಕೆ ಸವಳಂಗದ ದಾರಿಯಾಗಿ ಶಿಕಾರಿಪುರ, ಸುಮಾರು 50 ಕಿ.ಮೀ. ಊಟ ಅಲ್ಲೇ ಮುಗಿಸಿ ಈಸೂರಿಗೆ ಹೊರಡಿ. 1942ರಲ್ಲಿ ಈ ಊರು ಕಂದಾಯ ಕೊಡುವುದಿಲ್ಲವೆಂದು ನಿಂತು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ತನ್ನದೇ ಸರ್ಕಾರ ಘೋಷಿಸಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ. ಸೆಪ್ಟೆಂಬರ್ 28ರಂದು ಅಮಲ್ದಾರ (ಈಗಿನ ತಹಸೀಲ್ದಾರ್) ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತು ಬೆಳೆಯಿತು, ಗುಂಡು ಹಾರಿತು, ರೊಚ್ಚಿಗೆದ್ದ ಜನರ ಕೈಯಲ್ಲಿ ಇಬ್ಬರೂ ಪ್ರಾಣ ಬಿಟ್ಟರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು.

ಸ್ಮಾರಕದ ಮುಂದೆ ಈ ಐವರಿಗೆ ಕೈಮುಗಿಯುವುದು ಸಹಜ, ಮುಗಿಯಲೇಬೇಕು. ಹಾಗೆಂದು ಕೆಂಚೇಗೌಡರನ್ನು ಬ್ರಿಟಿಷರ ಕೈಗೊಂಬೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಅವರು ಮೈಸೂರು ಸಂಸ್ಥಾನದ ನೌಕರ. ಮೇಲಿನವರ ಆದೇಶದ ಮೇಲೆ, ತನ್ನದೇ ಭಾಷೆಯ ಜನರ ನಡುವೆ ಬಂದಿದ್ದರು. ಶಾಲಾ ಮಕ್ಕಳನ್ನು ಇಲ್ಲಿಗೆ ಕರೆತರುವ ಮೇಷ್ಟ್ರುಗಳು ಐವರ ಹೆಸರಿನ ಜೊತೆ ಆ ಇಬ್ಬರ ಹೆಸರನ್ನೂ ಹೇಳಲಿ. ಜನ ಏಕೆ ಸಿಟ್ಟಾದರು, ಅಧಿಕಾರಿಗಳು ಏಕೆ ಬಂದರು ಎಂಬ ಎರಡು ಪ್ರಶ್ನೆಗಳನ್ನೂ ಮಕ್ಕಳೇ ಕೇಳುತ್ತಾರೆ.

ಹೊತ್ತು ಉಳಿದರೆ ಹತ್ತಿರದ ಅಂಜನಾಪುರ ಜಲಾಶಯವನ್ನೂ ನೋಡಬಹುದು. ಬಸ್ಸಿನಲ್ಲಿ ಬಂದವರು ಶಿವಮೊಗ್ಗಕ್ಕೆ ಮರಳುವ ಬಸ್ಸಿನ ಹೊತ್ತನ್ನು ಶಿಕಾರಿಪುರ ನಿಲ್ದಾಣದಲ್ಲಿ ಮೊದಲೇ ಕೇಳಿಕೊಂಡು ಹೊರಡಬೇಕು.